ಬೆಣಚು ಸಿರೆಯಲ್ಲಿ ಚಿನ್ನ ಇದೆಯೇ? ಶಿಸ್ಟ್ ಪಟ್ಟಿಯಲ್ಲಿ ಪರೀಕ್ಷೆ ಮಾಡುವ ಕ್ರಮ

ರಾಯಚೂರು, ಗದಗ, ಕೋಲಾರದ ಕಡೆ ಹೊಲದ ಬದುವಿಗೆ ಬಿಳಿ ಬೆಣಚುಕಲ್ಲು ಒಟ್ಟಿರುವುದನ್ನು ಎಲ್ಲರೂ ನೋಡಿರುತ್ತಾರೆ. ನೇಗಿಲಿಗೆ ಅಡ್ಡ ಬರುವ ಆ ಕಲ್ಲಿನಲ್ಲಿ ಬಹುಪಾಲು ಬರಿ ಬೆಣಚೇ. ಚಿನ್ನದ ಸಿರೆಯನ್ನು, ಅಂದರೆ ಬಂಡೆಯ ಬಿರುಕಿನಲ್ಲಿ ತುಂಬಿಕೊಂಡ ಬೆಣಚಿನ ಪಟ್ಟಿಯನ್ನು, ಅದರ ಬಿಳುಪು ನೋಡಿ ಗುರುತಿಸಲು ಆಗುವುದಿಲ್ಲ. ಅದರ ಎರಡು ಬದಿಯ ಗೋಡೆಕಲ್ಲು ಏನಾಗಿದೆ, ಸಿರೆ ಎಂಥ ಬಿರುಕಿನಲ್ಲಿ ಕೂತಿದೆ ಎಂದು ನೋಡಬೇಕು. ಭೂವಿಜ್ಞಾನ ಓದುತ್ತಿರುವವರು ಮತ್ತು ಶೋಧನಾ ತಂಡಕ್ಕೆ ಹೊಸದಾಗಿ ಸೇರಿದವರು ಆ ನೋಟವನ್ನು ಹೇಗೆ ರೂಢಿಸಿಕೊಳ್ಳಬೇಕು ಎಂಬುದೇ ಇಲ್ಲಿನ ವಿಷಯ. ಉದಾಹರಣೆಗಳೆಲ್ಲ ನಮ್ಮ ಧಾರವಾಡ ಶಿಸ್ಟ್ ಪಟ್ಟಿಗಳವು, ಅಂದರೆ ಹಳೆಯ ಲಾವಾ, ಹೂಳು ರೂಪಾಂತರ ಹೊಂದಿ ಪದರಪದರವಾದ ಕಲ್ಲಿನ ಉದ್ದನೆಯ ಪ್ರದೇಶಗಳವು.

ಹೊರಡುವ ಮುನ್ನ

ಮೊದಲು ಕಾಗದಪತ್ರ. ಚಿನ್ನ ಪ್ರಮುಖ ಖನಿಜ. 1957ರ ಎಂಎಂಡಿಆರ್ (ಗಣಿ ಮತ್ತು ಖನಿಜಗಳ ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ ಕೆಳಗೆ, ಹೊಲ ನಿಮ್ಮದೇ ಆದರೂ ಪರವಾನಗಿ ಇಲ್ಲದೆ ಚಿನ್ನದ ಶೋಧನೆಗೆ ಕಂದಕ ತೋಡುವಂತಿಲ್ಲ. 2015ರ ತಿದ್ದುಪಡಿ ಬಂದ ಮೇಲೆ ಪರವಾನಗಿ ಸಿಗುವುದು ಹರಾಜಿನಲ್ಲಿ. ಅರಣ್ಯ ಬಂದರೆ ಬೇರೆ ಅನುಮತಿ ಬೇಕು. ಗದಗ ಪಟ್ಟಿಯ ಹಳೆಯ ಗಣಿಗಳಿರುವ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ ಎಂಬುದು ನೆನಪಿರಲಿ.

ನಕ್ಷೆಗೆ ಖರ್ಚಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ 1:50,000 ಅಳತೆಯ ಭೂವೈಜ್ಞಾನಿಕ ನಕ್ಷೆಗಳಿವೆ. ಅದರಲ್ಲಿ ಮೂರನ್ನು ಗುರುತು ಹಾಕಿಕೊಳ್ಳಿ: ಎರಡು ಬೇರೆ ಬಗೆಯ ಕಲ್ಲು ಕೂಡುವ ಗೆರೆಗಳು, ಶಿಯರ್ ಜೋನ್‌ಗಳು (ಬಂಡೆ ಒಂದಕ್ಕೊಂದು ಉಜ್ಜಿ ಜಾರಿದ ಪಟ್ಟಿಗಳು), ಹಳೆಯ ಗಣಿ ಗುಂಡಿಗಳು. ಈ ಮೂರೂ ಒಂದೇ ಕಡೆ ಬಿದ್ದರೆ ನಡಿಗೆ ಅಲ್ಲಿಂದ ಶುರು.

ಸಾಮಾನು: ಸುತ್ತಿಗೆ, ಚಾಣ, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಕ್ಲೈನೋಮೀಟರ್ (ಇಳಿಜಾರು ಅಳೆಯುವ ಸಾಧನ) ಇರುವ ದಿಕ್ಸೂಚಿ, ಜಿಪಿಎಸ್, ಅಯಸ್ಕಾಂತ, ಹೊಳಪು ಹಾಕದ ಬಿಳಿ ಪಿಂಗಾಣಿ ಬಿಲ್ಲೆ, ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲದ ಪುಟ್ಟ ಬಾಟಲಿ, ಟಾರ್ಪಾಲು, ದಪ್ಪ ಬಟ್ಟೆಯ ಚೀಲಗಳು. ಒಂದನ್ನು ಮನೆಯಲ್ಲೇ ಬಿಟ್ಟು ಬನ್ನಿ, ಬೆರಳಿನ ಉಂಗುರ. ಮಾದರಿ ತೆಗೆಯುವ ಕೈಯಲ್ಲಿ ಚಿನ್ನ ಇದ್ದರೆ, ಉಜ್ಜಿ ಉದುರಿದ ಕಣ್ಣಿಗೆ ಕಾಣದ ಪುಡಿಯೂ ಪ್ರಯೋಗಾಲಯದ ಫಲಿತಾಂಶದಲ್ಲಿ ಹೊಳೆಯುತ್ತದೆ.

ಯಾವ ಕಲ್ಲು, ಯಾಕೆ

ಬಸಾಲ್ಟ್ ಲಾವಾ, ಹೂಳು ಭೂಮಿಯ ಒಳಗೆ ಹೂತು, ಕಾದು, ಒತ್ತಡಕ್ಕೆ ಸಿಕ್ಕಿ ರೂಪಾಂತರ ಹೊಂದುವಾಗ ಖನಿಜಗಳಲ್ಲಿ ಸೇರಿಕೊಂಡಿದ್ದ ನೀರು, ಕಾರ್ಬನ್ ಡೈಆಕ್ಸೈಡ್, ಗಂಧಕ ಹೊರಬೀಳುತ್ತವೆ. ಈ ಬಿಸಿ ದ್ರವ ಚಿನ್ನವನ್ನು ಗಂಧಕದ ಸಂಯುಕ್ತವಾಗಿ ಹೊತ್ತುಕೊಂಡು ಶಿಯರ್ ಜೋನ್ ಹಿಡಿದು ಮೇಲೇರುತ್ತದೆ. ದಾರಿಯಲ್ಲಿ ಕಬ್ಬಿಣ ಹೆಚ್ಚಿರುವ ಕಲ್ಲು ಎದುರಾದರೆ ಗಂಧಕ ಚಿನ್ನವನ್ನು ಬಿಟ್ಟು ಕಬ್ಬಿಣದ ಜೊತೆ ಕೂಡಿ ಪೈರೈಟ್, ಪಿರೋಟೈಟ್ ಎಂಬ ಸಲ್ಫೈಡ್ (ಗಂಧಕ ಕೂಡಿದ) ಖನಿಜ ಆಗುತ್ತದೆ. ಹೊರುವವನು ಕೈಬಿಟ್ಟ ಮೇಲೆ ಚಿನ್ನ ಅಲ್ಲೇ ಕೂರುತ್ತದೆ. ಇನ್ನೊಂದು ಕಾರಣ ಒತ್ತಡದ ಇಳಿತ. ಬಿರುಕು ತಟ್ಟನೆ ಬಾಯಿ ಬಿಟ್ಟಾಗ ದ್ರವದ ಒತ್ತಡ ಕುಸಿದು ಬೆಣಚು, ಚಿನ್ನ ಎರಡೂ ಇಳಿಯುತ್ತವೆ; ಬಿರುಕು ಮುಚ್ಚುತ್ತದೆ, ಒತ್ತಡ ಏರುತ್ತದೆ, ಮತ್ತೆ ಒಡೆಯುತ್ತದೆ.

ಹಾಗಾಗಿ ಹುಡುಕಬೇಕಾದದ್ದು ಕಬ್ಬಿಣ ಹೆಚ್ಚಿರುವ ಮೆಟಾಬಸಾಲ್ಟ್ (ರೂಪಾಂತರ ಹೊಂದಿದ ಬಸಾಲ್ಟ್), ಅದು ಇನ್ನೂ ಕಾದು ಆದ ಆಂಫಿಬೊಲೈಟ್, ಇಲ್ಲವೇ ಪಟ್ಟೆಪಟ್ಟೆಯ ಕಬ್ಬಿಣಶಿಲೆ. ಕೋಲಾರದ ಚಾಂಪಿಯನ್ ಲೋಡ್ ಆಂಫಿಬೊಲೈಟಿನಲ್ಲಿರುವ ಬೆಣಚು ಸಿರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಕೆಲಸ 3 ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಹಟ್ಟಿಯ ರೀಫ್‌ಗಳೂ (ಅದಿರು ಸಿರೆಗಳೂ) ಆಂಫಿಬೊಲೈಟಿನವೇ. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯಲ್ಲಿ ಚಿನ್ನ ಕೂತಿರುವುದು ಕಬ್ಬಿಣಶಿಲೆಯಲ್ಲಿ.

ನಡಿಗೆ

ಶಿಸ್ಟ್‌ನ ಪದರಗಳು ಓಡುವ ದಿಕ್ಕಿಗೆ ಅಡ್ಡಲಾಗಿ ನಡೆಯಿರಿ. ನಮ್ಮ ಪಟ್ಟಿಗಳು ಹೆಚ್ಚಾಗಿ ಉತ್ತರ–ದಕ್ಷಿಣಕ್ಕೋ ವಾಯವ್ಯ–ಆಗ್ನೇಯಕ್ಕೋ ಓಡುವುದರಿಂದ ನಿಮ್ಮ ಸಾಲು ಪೂರ್ವ–ಪಶ್ಚಿಮ ಅಥವಾ ಈಶಾನ್ಯ–ನೈಋತ್ಯ ಆಗುತ್ತದೆ. ಸಾಲಿನಿಂದ ಸಾಲಿಗೆ 200 ಮೀಟರ್ ಅಂತರ ಸಾಕು. ಏನಾದರೂ ಸಿಕ್ಕ ಮೇಲೆ 50ಕ್ಕೆ ಇಳಿಸಿ. ಕಬ್ಬಿಣಶಿಲೆಯ ಹತ್ತಿರ ದಿಕ್ಸೂಚಿ ಸುಳ್ಳು ಹೇಳುತ್ತದೆ. ಮ್ಯಾಗ್ನೆಟೈಟ್ ಮುಳ್ಳನ್ನು ತನ್ನ ಕಡೆ ಎಳೆಯುತ್ತದೆ. ಅಂಥ ಕಡೆ ಸಿರೆಯ ಮೇಲೆಯೇ 50 ಮೀಟರ್ ನಡೆದು ಎರಡು ತುದಿಯ ಜಿಪಿಎಸ್ ಬಿಂದುಗಳಿಂದ ದಿಕ್ಕು ಲೆಕ್ಕ ಹಾಕಿ.

ಹಳೆಯವರ ಕೆಲಸ ಕಂಡರೆ ಅದೇ ದೊಡ್ಡ ಸುಳಿವು. ಒಂದೇ ಸಾಲಿನಲ್ಲಿ ಇಟ್ಟಂತೆ ಹೊಂಡಗಳು, ಪಕ್ಕದಲ್ಲಿ ಪುಡಿಗಲ್ಲಿನ ದಿಬ್ಬ, ಬಂಡೆಯ ಮೇಲೆ ಒರಳಿನಂಥ ಕುಳಿಗಳು, ಅದಿರು ಅರೆದ ಗುಂಡುಕಲ್ಲು ಇವೆಯೇ ನೋಡಿ. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದಿನವರು ಬೆಂಕಿ ಹಾಕಿ ಬಂಡೆ ಸಿಡಿಸುತ್ತ ನೂರೈವತ್ತು ಮೀಟರಿಗೂ ಆಳಕ್ಕೆ ಇಳಿದಿದ್ದರು. ಪಕ್ಕದ ಮಸ್ಕಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಾಸನ 1915ರಲ್ಲಿ ಸಿಕ್ಕಿದ್ದು ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರಿಗೆ. ಚಿನ್ನ ಹುಡುಕುವವರಿಗೆ ಹಳೆಯ ಊರುಗಳ ಮೇಲೆ ಕಣ್ಣಿರುವುದು ಸಹಜವೇ. ಆದರೆ ಹೊಂಡದೊಳಗೆ ಇಳಿಯಬೇಡಿ. ಗಾಳಿಯಾಡದ ಗುಂಡಿಯಲ್ಲಿ ಆಮ್ಲಜನಕ ಸಾಲದೆ ಹೋಗಬಹುದು, ಬಾಯಂಚು ಯಾವಾಗ ಕುಸಿಯುತ್ತದೋ ತಿಳಿಯುವುದಿಲ್ಲ. ಬೇಕಾದ ಕಲ್ಲೆಲ್ಲ ಮೇಲಿನ ದಿಬ್ಬದಲ್ಲೇ ಸಿಗುತ್ತದೆ.

ಸಿರೆಯ ಮುಂದೆ ಕೂತು

ಇಲ್ಲಿ ಆತುರ ಬೇಡ. ಒಂದು ಸಿರೆಗೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ.

ಮೊದಲು ಬೆಣಚನ್ನು ಅಡ್ಡಲಾಗಿ ಒಡೆದು ಹೊಸ ಮುಖ ನೋಡಿ. ಹಾಲಿನಂತೆ ಬಿಳಿ, ದೊಡ್ಡ ಗಡ್ಡೆ, ಗೆರೆಯಿಲ್ಲ, ಸಲ್ಫೈಡ್ ಇಲ್ಲ, ಅಂಚು ಚಾಕುವಿನಲ್ಲಿ ಕತ್ತರಿಸಿದಂತಿದೆ ಎಂದರೆ ಅದು ರೂಪಾಂತರದ ಸಮಯದಲ್ಲಿ ಆ ಕಲ್ಲಿನಿಂದಲೇ ಬಸಿದು ಕೂಡಿಕೊಂಡ ಬೆಣಚು. ದೂರದಿಂದ ಏನನ್ನೂ ಹೊತ್ತು ತಂದಿಲ್ಲ. ಬೆಣಚಿನ ಜೊತೆ ಗುಲಾಬಿ ಫೆಲ್ಡ್‌ಸ್ಪಾರ್, ದೊಡ್ಡ ಅಭ್ರಕದ ಹಾಳೆ ಇದ್ದರೆ ಪೆಗ್ಮಟೈಟ್, ಮುಂದೆ ನಡೆಯಿರಿ.

ನಿಲ್ಲಬೇಕಾದದ್ದು ಪಟ್ಟೆ ಬೆಣಚು ಕಂಡಲ್ಲಿ. ಬೂದು ಅಥವಾ ಹೊಗೆಬಣ್ಣದ ಬೆಣಚು, ನಡುನಡುವೆ ಕಾಗದದಷ್ಟು ತೆಳುವಾದ ಕರಿ ಗೆರೆಗಳು. ಲೆನ್ಸ್ ಹಿಡಿದರೆ ಆ ಗೆರೆ ಬಯೊಟೈಟ್ (ಕರಿ ಅಭ್ರಕ) ಅಥವಾ ಕ್ಲೋರೈಟ್ (ಹಸಿರು ಖನಿಜ) ತುಂಬಿದ ಗೋಡೆಕಲ್ಲಿನ ಸೀಳು, ಅದಕ್ಕಂಟಿಕೊಂಡು ಸಲ್ಫೈಡ್ ಕಣಗಳು. ಒಂದೊಂದು ಪಟ್ಟೆ ಎಂದರೆ ಬಿರುಕು ಒಮ್ಮೆ ಬಾಯಿ ಬಿಟ್ಟು ಮುಚ್ಚಿದ ಗುರುತು. ಹತ್ತು ಪಟ್ಟೆ ಇದ್ದರೆ ಆ ದಾರಿಯಲ್ಲಿ ದ್ರವ ಮತ್ತೆ ಮತ್ತೆ ಓಡಾಡಿದೆ. ನಾನಾದರೆ ಒಂದು ಮೀಟರ್ ದಪ್ಪದ ಹಾಲುಬಿಳಿ ಸಿರೆ ಬಿಟ್ಟು ಗೇಣಗಲದ ಪಟ್ಟೆ ಸಿರೆಗೆ ಮೊದಲ ಮಾದರಿ ಚೀಲ ಖರ್ಚು ಮಾಡುತ್ತೇನೆ.

ಆಮೇಲೆ ಬೆಣಚು ಬಿಟ್ಟು ಗೋಡೆಗೆ ಬನ್ನಿ. ಸಿರೆಯ ಅಂಚಿನಿಂದ 10 ಸೆಂಟಿಮೀಟರ್, 50 ಸೆಂಟಿಮೀಟರ್, 2 ಮೀಟರ್, 5 ಮೀಟರ್ ದೂರದಲ್ಲಿ ಒಂದೊಂದು ಚೂರು ಒಡೆದು ಸಾಲಾಗಿ ಜೋಡಿಸಿ. ಬಣ್ಣ ಹಂತಹಂತವಾಗಿ ಬದಲಾಗಿದೆಯೇ? ಏನಾಗಿ ಬದಲಾಗಿದೆ ಎಂಬುದು ರೂಪಾಂತರದ ಮಟ್ಟಕ್ಕೆ ತಕ್ಕಂತೆ. ಗದಗದಂಥ ಹಸಿರುಶಿಸ್ಟ್ (ಕಡಿಮೆ ಕಾದ) ಮಟ್ಟದಲ್ಲಿ ದೂರಕ್ಕೆ ಹಸಿರು ಕ್ಲೋರೈಟ್ ಮತ್ತು ಕ್ಯಾಲ್ಸೈಟ್, ಹತ್ತಿರ ಬಂದಂತೆ ಮಾಸಲು ಸೆರಿಸೈಟ್ (ನಯವಾದ ಬಿಳಿ ಅಭ್ರಕ), ಆಂಕೆರೈಟ್ (ಕಬ್ಬಿಣ ಇರುವ ಕಾರ್ಬನೇಟ್), ಪೈರೈಟ್. ಹಟ್ಟಿಯಂಥ ಆಂಫಿಬೊಲೈಟ್ (ಹೆಚ್ಚು ಕಾದ) ಮಟ್ಟದಲ್ಲಿ ಕರಿಹಸಿರು ಹಾರ್ನ್‌ಬ್ಲೆಂಡ್ ಕಲ್ಲು ಸಿರೆಯ ಹತ್ತಿರ ಕಂದು ಬಯೊಟೈಟ್ ಕಲ್ಲಾಗಿ ತಿರುಗಿರುತ್ತದೆ, ಅದರಲ್ಲಿ ಆರ್ಸೆನೊಪೈರೈಟಿನ ಬೆಳ್ಳಿಬಿಳಿ ಸೂಜಿಗಳು. ಹಟ್ಟಿಯಲ್ಲಿ ಈ ಬಯೊಟೈಟ್ ಗೋಡೆಯೂ ಅದಿರೇ. ಬೆಣಚನ್ನಷ್ಟೇ ಆರಿಸಿ ತಂದವನು ಅರ್ಧ ಚಿನ್ನ ಬಿಟ್ಟು ಬಂದಂತೆ.

ಕಾರ್ಬನೇಟ್ ಯಾವುದೆಂದು ಆಮ್ಲ ಹೇಳುತ್ತದೆ. ಹನಿ ಬಿದ್ದ ಕೂಡಲೇ ನೊರೆಯೆದ್ದರೆ ಕ್ಯಾಲ್ಸೈಟ್. ಸುಮ್ಮನಿದ್ದು, ಚಾಕುವಿನಿಂದ ಕೆರೆದ ಪುಡಿಯ ಮೇಲೆ ಹಾಕಿದಾಗ ಮಾತ್ರ ಮೆಲ್ಲನೆ ನೊರೆ ಬಂದರೆ ಆಂಕೆರೈಟ್. ಕಬ್ಬಿಣ ಇರುವುದರಿಂದ ಆಂಕೆರೈಟ್ ಬಿಸಿಲು ಮಳೆಗೆ ಕಾಫಿಪುಡಿ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಸಿರೆಯ ಅಕ್ಕಪಕ್ಕ ಕಂದು ಚುಕ್ಕೆ ಉದುರಿಸಿದಂಥ ಶಿಸ್ಟ್ ಕಂಡರೆ ಒಮ್ಮೆ ಕೆರೆದು ನೋಡಿ. ಆರ್ಸೆನೊಪೈರೈಟನ್ನು ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ಅದು ಆರ್ಸೆನಿಕ್, ಗುರುತು ಸಿಕ್ಕ ಮೇಲೆ ಮತ್ತೆ ಮತ್ತೆ ಮೂಸಬೇಡಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಮೇಲ್ಮೈಯಲ್ಲಿ ಸಲ್ಫೈಡ್ ಇಲ್ಲವೆಂದು ನಿರಾಶೆ ಬೇಡ. ಅದು ತುಕ್ಕಾಗಿ ತೊಳೆದುಹೋಗಿ ಬೆಣಚಿನಲ್ಲಿ ಜೇನುಹುಟ್ಟಿನಂಥ ತೂತು ಬಿಟ್ಟಿರುತ್ತದೆ. ಘನಾಕಾರದ ತೂತು ಪೈರೈಟಿನದು, ಉದ್ದುದ್ದ ವಜ್ರಾಕೃತಿಯದು ಆರ್ಸೆನೊಪೈರೈಟಿನದು. ಕಣ್ಣಿಗೆ ಕಾಣುವ ಚಿನ್ನ ಸಿಗುವುದಾದರೆ ಇಂಥ ತೂತಿನ ಅಂಚಿನಲ್ಲಿ. ಹಳದಿ ಹೊಳಪೆಲ್ಲ ಚಿನ್ನವಲ್ಲ. ಸೂಜಿಯಿಂದ ಒತ್ತಿ: ಚಿನ್ನ ತಗ್ಗುತ್ತದೆ, ಪೈರೈಟ್ ಪುಡಿಯಾಗುತ್ತದೆ, ಬಿಸಿಲಿಗೆ ಬಣ್ಣಗೆಟ್ಟ ಬಯೊಟೈಟ್ ಹಾಳೆಯಾಗಿ ಏಳುತ್ತದೆ. ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಚಿನ್ನದ ಗೆರೆ ಹಳದಿ, ಪೈರೈಟಿನದು ಹಸಿರುಗಪ್ಪು.

ಕೊನೆಗೆ ಅಳತೆ. ಸಿರೆಯ ದಿಕ್ಕು, ಇಳಿಜಾರು, ಶಿಸ್ಟ್ ಪದರದ ಇಳಿಜಾರು, ಶಿಯರ್ ಮುಖದ ಮೇಲೆ ಖನಿಜಗಳು ಎಳೆದುಕೊಂಡಿರುವ ಗೀರಿನ ದಿಕ್ಕು, ಮಡಿಕೆಗಳ ಅಕ್ಷ. ಈ ಕೊನೆಯ ಎರಡನ್ನು ಹೊಸಬರು ಬರೆದುಕೊಳ್ಳುವುದೇ ಇಲ್ಲ. ಬೋರ್ ಹಾಕುವ ದಿನ ಅವೇ ಬೇಕಾಗುತ್ತವೆ.

ಹಳ್ಳದ ಮರಳು, ಹೊಲದ ಮಣ್ಣು

ಸಿರೆಯೇ ಕಾಣದ ಕಡೆ ಹಳ್ಳವನ್ನು ಕೇಳಬೇಕು. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರು ಜಾಲಗಾರರು. ಆ ಗುಡ್ಡಗಳ (ಆಗಿನ ಹೆಸರಿನಲ್ಲಿ ಡಂಬಳ ಗುಡ್ಡಗಳ) ಚಿನ್ನದ ಶಿಲೆಗಳ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರದಿ ಬರೆದರು. ಅಕ್ಕಿ ಜಾಲಿಸಿ ಕಲ್ಲು ತೆಗೆಯಲು ಬರುವವರಿಗೆ ಈ ವಿದ್ಯೆ ಅರ್ಧ ಬಂದಂತೆ. ಅಲ್ಲಿ ಮೇಲಿನದು ಬೇಕು, ಇಲ್ಲಿ ತಳದ್ದು.

ಹಳ್ಳ ತಿರುಗುವ ಕಡೆ ಒಳಬದಿಯಲ್ಲಿ, ಅಡ್ಡಬಂಡೆಯ ಹಿಂದೆ, ತಳದ ಬಂಡೆಯ ಸೀಳಿನಲ್ಲಿ ಗರಸು ತೆಗೆಯಿರಿ. ಪ್ರತಿ ಸ್ಥಳದಲ್ಲೂ ಒಂದೇ ಅಳತೆ, 10 ಲೀಟರ್. 2 ಮಿಲಿಮೀಟರ್ ಜರಡಿ ಹಿಡಿದು, ನೀರಿನಲ್ಲಿ ಮೊದಲು ಚೆನ್ನಾಗಿ ಕಲಸಿ ಜೇಡಿ ಬಿಡಿಸಿ. ಜೇಡಿ ಉಳಿದರೆ ಚಿನ್ನದ ಕಣ ಅದಕ್ಕಂಟಿ ತೇಲಿಹೋಗುತ್ತದೆ, ನಡೆಯುವ ತಪ್ಪುಗಳಲ್ಲಿ ಇದೇ ಹೆಚ್ಚು. ಎಣ್ಣೆ ಕೈ, ಸೋಪಿಲ್ಲದೆ ತೊಳೆದ ಹೊಸ ಬಾಣಲಿ ಎರಡೂ ಬೇಡ. ಜಿಡ್ಡಿಗೆ ಸಿಕ್ಕ ಸಣ್ಣ ಕಣ ನೀರಿನ ಮೇಲೆ ತೇಲುತ್ತದೆ. ಕರಿಮರಳು ಒಂದು ಚಮಚದಷ್ಟು ಉಳಿದಾಗ ನಿಲ್ಲಿಸಿ, ಒಣಗಿಸಿ, ಅಯಸ್ಕಾಂತದಿಂದ ಮ್ಯಾಗ್ನೆಟೈಟ್ ತೆಗೆದು, ಲೆನ್ಸಿನ ಕೆಳಗೆ ಕಣಗಳನ್ನು ಎಣಿಸಿ. ಆಕಾರವನ್ನೂ ಬರೆಯಿರಿ: ಮೊನಚು, ಕೊಂಬೆಕೊಂಬೆ, ಬೆಣಚು ಅಂಟಿಕೊಂಡ ಕಣ ಎಂದರೆ ಸಿರೆ ಹತ್ತಿರ, ಚಪ್ಪಟೆ, ಅಂಚು ಮಡಚಿದ ಕಣ ದೂರದಿಂದ ಉರುಳಿ ಬಂದದ್ದು. ಮೇಲಕ್ಕೆ ಹೋಗುತ್ತ ಕಣಗಳು ತಟ್ಟನೆ ನಿಂತ ಜಾಗದ ಎರಡು ಬದಿಯ ದಿಬ್ಬ ಹುಡುಕಿ. ಪಾದರಸ ಮುಟ್ಟಬೇಡಿ, ಯಾವ ಕಾರಣಕ್ಕೂ.

ಮಣ್ಣಿನ ಮಾದರಿಗೆ ಸಿರೆಯ ದಿಕ್ಕಿಗೆ ಅಡ್ಡಸಾಲು, ಸಾಲಿನ ಮೇಲೆ 20 ಮೀಟರಿಗೊಂದು. ಕೆಂಪುಮಣ್ಣಿನಲ್ಲಿ ಬೇರಿನ ಪದರ ಸರಿಸಿ 30–40 ಸೆಂಟಿಮೀಟರ್ ಕೆಳಗಿನದು ಸಾಕು. ಎರೆಭೂಮಿಯಲ್ಲಿ ಹಾಗಾಗದು. ಎರೆ ಬೇಸಿಗೆಯಲ್ಲಿ ಬಾಯಿ ಬಿಟ್ಟು ಮೇಲಿನ ಮಣ್ಣನ್ನು ಒಳಗೆ ನುಂಗುತ್ತದೆ, ಮಳೆಗೆ ಉಬ್ಬಿ ಕೆಳಗಿನದನ್ನು ಮೇಲೆ ತರುತ್ತದೆ. ನೀರು ಹೊತ್ತು ತಂದು ಹಾಸಿದ ಎರೆಯೂ ಇರುತ್ತದೆ. ಕೈಬೈರಿಗೆಯಿಂದ ಕೊರೆದು ಕೆಳಗಿನ ಕೊಳೆತ ಕಲ್ಲು ಮುಟ್ಟುವ ತನಕ ಹೋಗಿ.

ಕಂದಕ ಮತ್ತು ತೋಡು ಮಾದರಿ

ಸಿರೆಗೆ ಅಡ್ಡಲಾಗಿ, ಗಟ್ಟಿ ಕಲ್ಲು ಸಿಗುವವರೆಗೆ ಕಂದಕ. ಮಣ್ಣಿನ ಗೋಡೆ ಒಂದೂವರೆ ಮೀಟರಿಗಿಂತ ಎತ್ತರ ಆದರೆ ಇಳಿಜಾರು ಕೊಡಿ ಅಥವಾ ಆಧಾರ ಕೊಡಿ. ತಳ ಗುಡಿಸಿ, ನೀರು ಹಾಕಿ ತೊಳೆದು, ಮೊದಲು ನಕ್ಷೆ ಬರೆದು ಮುಗಿಸಿ. ಮಾದರಿ ಆಮೇಲೆ.

10 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ಆಳದ ತೋಡು ಕೊರೆಯಿರಿ. ಒಂದು ಮೀಟರ್ ಉದ್ದಕ್ಕೆ ಸುಮಾರು 8 ಕಿಲೋ ಬರಬೇಕು. ಐದೇ ಕಿಲೋ ಬಂದಿದ್ದರೆ ಗಟ್ಟಿ ಬೆಣಚನ್ನು ತಪ್ಪಿಸಿ ಮೆತ್ತನೆಯ ಶಿಸ್ಟನ್ನು ಕೆರೆದಿದ್ದೀರಿ ಎಂದರ್ಥ. ಚೂರೆಲ್ಲ ಟಾರ್ಪಾಲಿನ ಮೇಲೆ ಬೀಳಲಿ, ಪುಡಿಯನ್ನೂ ಬ್ರಷ್ಷಿನಿಂದ ಗುಡಿಸಿ ಚೀಲಕ್ಕೆ ಹಾಕಿ. ಚಿನ್ನ ಆ ಪುಡಿಯಲ್ಲೇ ಹೆಚ್ಚು. ಬೆಣಚಿನ ಧೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್, ಕೋಲಾರದ ಗಣಿಕಾರ್ಮಿಕರ ಮನೆಮನೆಗೂ ಪರಿಚಯವಿದ್ದ ರೋಗ. ನೀರು ಚಿಮುಕಿಸಿ, ಮಾಸ್ಕ್ ಹಾಕಿ.

ಸಿರೆ ಒಂದು ಮಾದರಿ. ಮೇಲ್ಗೋಡೆ, ಅಂದರೆ ಹ್ಯಾಂಗಿಂಗ್ ವಾಲ್ ಒಂದು. ಕೆಳಗೋಡೆ, ಅಂದರೆ ಫುಟ್‌ವಾಲ್ ಇನ್ನೊಂದು. ಕಲ್ಲು ಬದಲಾದ ಗೆರೆಯನ್ನು ದಾಟಿ ಒಂದೇ ಮಾದರಿ ತೆಗೆಯಬೇಡಿ. ಉದ್ದ 30 ಸೆಂಟಿಮೀಟರಿಗೆ ಕಡಿಮೆ ಬೇಡ, ಒಂದು ಮೀಟರಿಗೆ ಹೆಚ್ಚು ಬೇಡ.

ಈಗ ಅಗಲದ ಲೆಕ್ಕ. ಕಂದಕದಲ್ಲಿ ಅಳೆದದ್ದು ಸಿರೆಯ ನಿಜವಾದ ದಪ್ಪವಲ್ಲ. ಸಿರೆ 60 ಡಿಗ್ರಿ ಇಳಿಯುತ್ತಿದೆ, ಕಂದಕ ಅದರ ದಿಕ್ಕನ್ನು 45 ಡಿಗ್ರಿಯಲ್ಲಿ ಓರೆಯಾಗಿ ಕತ್ತರಿಸಿದೆ, ತಳದಲ್ಲಿ 3 ಮೀಟರ್ ಅಗಲ ಕಂಡಿದೆ ಎಂದುಕೊಳ್ಳಿ. 3 × 0.707 × 0.866 = 1.84 ಮೀಟರ್. ಮೂರೆಂದು ಬರೆದವರ ವರದಿಯಲ್ಲಿ ಇಲ್ಲದ ಅದಿರು ಮೂರರಲ್ಲಿ ಒಂದು ಪಾಲಿಗೂ ಮೀರಿ ಸೇರಿಕೊಂಡಿರುತ್ತದೆ.

ಸರಾಸರಿಯೂ ಹಾಗೆಯೇ. ಮೇಲ್ಗೋಡೆ 0.4 ಮೀಟರಿಗೆ ಟನ್ನಿಗೆ 1.2 ಗ್ರಾಂ, ಸಿರೆ 0.3 ಮೀಟರಿಗೆ 14 ಗ್ರಾಂ, ಕೆಳಗೋಡೆ 0.8 ಮೀಟರಿಗೆ 0.6 ಗ್ರಾಂ. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ 5.3 ಬರುತ್ತದೆ, ಅದು ತಪ್ಪು. ಉದ್ದದಿಂದ ಗುಣಿಸಿ ಕೂಡಿದರೆ 5.16, ಒಟ್ಟು ಉದ್ದ 1.5ರಿಂದ ಭಾಗಿಸಿದರೆ 3.44 ಗ್ರಾಂ. ಗಣಿಯೊಳಗೆ ಮನುಷ್ಯ, ಯಂತ್ರ ನಿಲ್ಲಲು ಜಾಗ ಬೇಕು. ಗೇಣಗಲದ ಸಿರೆಯನ್ನು ಗೇಣಗಲಕ್ಕೇ ತೆಗೆಯಲು ಆಗುವುದಿಲ್ಲ, ಆದ್ದರಿಂದ ಲೆಕ್ಕಕ್ಕೆ ಬರುವುದು 3.44.

ಪ್ರಯೋಗಾಲಯದಿಂದ ಬಂದ ಅಂಕಿ

ಸಿರೆಯ ಚಿನ್ನ ಉಪ್ಪಿಟ್ಟಿನ ಗೋಡಂಬಿ ಇದ್ದ ಹಾಗೆ, ಯಾರ ತಟ್ಟೆಗೆ ಬೀಳುತ್ತದೋ ಹೇಳಲಾಗದು. ಅರ್ಧ ಮಿಲಿಮೀಟರ್ ಅಡ್ಡಳತೆಯ ಒಂದೇ ಕಣ ಸುಮಾರು 1.2 ಮಿಲಿಗ್ರಾಂ ತೂಗುತ್ತದೆ. ಫೈರ್ ಅಸ್ಸೇಗೆ ಮಾಮೂಲಾಗಿ ತೆಗೆದುಕೊಳ್ಳುವುದು 30 ಗ್ರಾಂ ಪುಡಿ. ಸೀಸದ ಆಕ್ಸೈಡು, ಸೋಡಾ, ಬೊರಾಕ್ಸ್ ಬೆರೆಸಿ ಕರಗಿಸಿ, ಸೀಸದ ಗುಂಡಿಯಲ್ಲಿ ಚಿನ್ನ ಹಿಡಿದು, ಸೀಸವನ್ನು ಸುಟ್ಟು ತೆಗೆಯುತ್ತಾರೆ. ಆ ಒಂದು ಕಣ 30 ಗ್ರಾಮಿನಲ್ಲಿ ಬಿದ್ದರೆ ಫಲಿತಾಂಶ ಟನ್ನಿಗೆ 40 ಗ್ರಾಂ, ಬೀಳದಿದ್ದರೆ ಸೊನ್ನೆ. ಅದೇ ಕಣ 2 ಕಿಲೋ ಪುಡಿಯಲ್ಲಿದ್ದರೆ 0.6 ಗ್ರಾಂ. ಒಂದೇ ಚೀಲದಿಂದ ಎರಡು ಸಲ ಕಳಿಸಿದಾಗ ಅಂಕಿ ಕುಣಿದರೆ ಪ್ರಯೋಗಾಲಯವನ್ನು ಬೈಯುವ ಮುಂಚೆ ಇದನ್ನು ಯೋಚಿಸಿ. ಮದ್ದು: ಒಂದು ಕಿಲೋ ಪುಡಿಯನ್ನು 106 ಮೈಕ್ರಾನ್ ಜರಡಿ ಹಿಡಿದು, ಮೇಲುಳಿದದ್ದನ್ನೆಲ್ಲ ಒಂದು ಪರೀಕ್ಷೆ, ಕೆಳಗಿಳಿದದ್ದರಲ್ಲಿ ಎರಡು ಪರೀಕ್ಷೆ ಮಾಡಿಸುವುದು. ಖರ್ಚು ಹೆಚ್ಚು, ಆದರೆ ದಪ್ಪ ಚಿನ್ನ ಇರುವ ಸಿರೆಗೆ ಬೇರೆ ದಾರಿಯಿಲ್ಲ.

ಪ್ರತಿ 20 ಮಾದರಿಗೆ ಒಂದು ಮೌಲ್ಯ ಗೊತ್ತಿರುವ ಪುಡಿ, ಒಂದು ಚಿನ್ನವಿಲ್ಲದ ಕಲ್ಲು, ಒಂದು ಜೋಡಿ ಮಾದರಿ ಸೇರಿಸಿ ಕಳಿಸಿ. ಚಿನ್ನವಿಲ್ಲದ ಕಲ್ಲನ್ನು ಹೆಚ್ಚು ಚಿನ್ನವಿರಬಹುದಾದ ಮಾದರಿಯ ಬೆನ್ನಿಗೇ ಇಡಿ. ಅದರಲ್ಲೂ ಚಿನ್ನ ಬಂದರೆ ಪುಡಿ ಮಾಡುವ ಯಂತ್ರ ಸರಿಯಾಗಿ ತೊಳೆದಿಲ್ಲ. ಚಿನ್ನದ ಜೊತೆ ಆರ್ಸೆನಿಕ್, ಟಂಗ್‌ಸ್ಟನ್, ಆಂಟಿಮನಿ, ಬಿಸ್ಮತ್ ಕೂಡ ಕೇಳಿ. ಚಿನ್ನ ಚುಕ್ಕೆಚುಕ್ಕೆಯಾಗಿ ಕೂರುತ್ತದೆ, ಆರ್ಸೆನಿಕ್ ಹರಡಿಕೊಳ್ಳುತ್ತದೆ. ಚಿನ್ನ ಸೊನ್ನೆ ಬಂದು ಆರ್ಸೆನಿಕ್ ಏರಿದ್ದರೆ ಆ ಜಾಗ ಇನ್ನೂ ಮುಗಿದಿಲ್ಲ.

ಬೋರ್ ಎಲ್ಲಿ ಹಾಕಬೇಕು

ಸಿರೆ ಕಿಲೋಮೀಟರುಗಟ್ಟಲೆ ಓಡಬಹುದು, ಅದಿರು ಇರುವುದು ಅದರ ಕೆಲವು ಭಾಗದಲ್ಲಿ ಮಾತ್ರ. ಸಿರೆಯ ದಿಕ್ಕು ತಿರುಗಿದ ಕಡೆ, ಎರಡು ಶಿಯರ್ ಕೂಡಿದ ಕಡೆ, ಸಿರೆ ಕಬ್ಬಿಣ ಹೆಚ್ಚಿರುವ ಕಲ್ಲನ್ನು ದಾಟಿದ ಕಡೆ ಬಿರುಕು ಅಗಲವಾಗಿ ತೆರೆದು ಅದಿರು ಕಂಬದ ಹಾಗೆ ಕೂತಿರುತ್ತದೆ. ಆ ಕಂಬ ನೆಟ್ಟಗೆ ಇಳಿಯುವುದಿಲ್ಲ, ಸಿರೆಯ ಮೈಯೊಳಗೇ ಓರೆಯಾಗಿ ವಾಲಿಕೊಂಡು ಹೋಗುತ್ತದೆ. ಎತ್ತ ವಾಲುತ್ತದೆ ಎಂಬ ಸುಳಿವು ನೀವು ಮೊದಲೇ ಬರೆದುಕೊಂಡ ಗೀರಿನ ದಿಕ್ಕು ಮತ್ತು ಮಡಿಕೆಯ ಅಕ್ಷದಲ್ಲಿದೆ. ಸಿರೆಯ ಉದ್ದಕ್ಕೂ ನಿಂತಂತೆ ಒಂದು ಉದ್ದಚಿತ್ರ ಬರೆದು, ಪ್ರತಿ ಕಂದಕದ ದಪ್ಪ ಮತ್ತು ಗ್ರಾಂ ಗುಣಿಸಿದ ಅಂಕಿಯನ್ನು ಅದರಲ್ಲಿ ಗುರುತಿಸಿ. ಮೇಲ್ಮೈಯ ಒಳ್ಳೆಯ ಕಂದಕದ ನೇರ ಕೆಳಗೆ ಬೋರ್ ಹಾಕಿ ಬರಿ ಬೆಣಚು ಕಂಡು ಕೈಬಿಟ್ಟ ಸಿರೆಗಳು ಕಡಿಮೆಯಿಲ್ಲ. ಕಂಬ ಅಷ್ಟರಲ್ಲಿ ಮಗ್ಗುಲಿಗೆ ಸರಿದಿರುತ್ತದೆ.

ಮೊದಲ ಬೋರ್ ಸಿರೆಯನ್ನು 40–60 ಮೀಟರ್ ಆಳದಲ್ಲಿ ಕತ್ತರಿಸಲಿ. ಅದಕ್ಕಿಂತ ಮೇಲೆ ತುಕ್ಕು ಹಿಡಿದ ಪದರ. ಅಲ್ಲಿ ಚಿನ್ನ ತೊಳೆದುಹೋಗಿರಬಹುದು, ಕೂಡಿಕೊಂಡೂ ಇರಬಹುದು, ಆಳದ ಅಂಕಿಗೆ ಅದು ಸಾಕ್ಷಿಯಾಗದು. ಸಿರೆ 70 ಡಿಗ್ರಿ ಪಶ್ಚಿಮಕ್ಕೆ ಇಳಿಯುತ್ತಿದ್ದರೆ ಯಂತ್ರವನ್ನು ಪಶ್ಚಿಮ ಬದಿಯಲ್ಲಿ ನಿಲ್ಲಿಸಿ ಪೂರ್ವಕ್ಕೆ 50 ಡಿಗ್ರಿ ಓರೆಯಲ್ಲಿ ಕೊರೆಯಿರಿ. ಆಗ ಕೋರ್ (ಬೋರಿನಿಂದ ಹೊರಬರುವ ಕಲ್ಲಿನ ಸರಳು) ಮತ್ತು ಸಿರೆಯ ನಡುವಿನ ಕೋನ 60 ಡಿಗ್ರಿ, ಕೋರಿನಲ್ಲಿ 2.5 ಮೀಟರ್ ಕಂಡರೆ ನಿಜ ದಪ್ಪ 2.17. ಪೂರ್ವದಲ್ಲಿ ನಿಂತು ಪಶ್ಚಿಮಕ್ಕೆ ಕೊರೆದರೆ ಸಿರೆಯ ಜೊತೆಜೊತೆಗೇ ಇಳಿದು, ನೂರು ಮೀಟರ್ ಹಣ ಸುರಿದೂ ಅದನ್ನು ಮುಟ್ಟದೆ ಹೋಗಬಹುದು.

ಸಿರೆ ಬರುವ ಹತ್ತು ಮೀಟರ್ ಮುಂಚಿನಿಂದ ಕೊರೆಯುವವರಿಗೆ ನಿಧಾನ ಮಾಡಲು ಹೇಳಿ, ಒಂದೊಂದು ಓಟ (ಒಂದು ಸಲಕ್ಕೆ ಕೊರೆದು ಕೋರ್ ಎತ್ತುವ ಉದ್ದ) ಒಂದೂವರೆ ಮೀಟರ್ ಮೀರದಿರಲಿ. ಬಯೊಟೈಟ್ ಗೋಡೆ ಮೆತ್ತಗೆ, ಬೆಣಚು ಗಟ್ಟಿ, ಎರಡೂ ಕೂಡುವ ಕಡೆಯೇ ಕೋರ್ ಪುಡಿಯಾಗಿ ನೀರಿನೊಡನೆ ಹೊರಟುಹೋಗುತ್ತದೆ, ಚಿನ್ನ ಇರುವುದೂ ಅಲ್ಲೇ. ಒಂದೂವರೆ ಮೀಟರ್ ಕೊರೆದು ಒಂದೇ ಮೀಟರ್ ಕೋರ್ ಕೈಗೆ ಬಂದಿದ್ದರೆ ಆ ಓಟದ ಅಂಕಿಯ ಪಕ್ಕ ನಷ್ಟ ಎಷ್ಟೆಂದು ಕೆಂಪು ಶಾಯಿಯಲ್ಲಿ ಬರೆಯಿರಿ. ಸಿರೆಯ ಭಾಗವೇ ಹೋಗಿದ್ದರೆ ಆ ಓಟವನ್ನು ಸರಾಸರಿಗೆ ಸೇರಿಸದೆ, ಅದೇ ಬೋರಿನಿಂದ ಪಕ್ಕಕ್ಕೆ ತಿರುಗಿಸಿ ಮತ್ತೊಮ್ಮೆ ಕತ್ತರಿಸಿ. ಸಿಕ್ಕ ಕೋರನ್ನು ಉದ್ದಕ್ಕೆ ಎರಡಾಗಿ ಸೀಳಿ, ಅರ್ಧ ಪರೀಕ್ಷೆಗೆ, ಅರ್ಧ ಪೆಟ್ಟಿಗೆಗೆ. ಸೀಳುವಾಗ ಪಟ್ಟೆಗಳಿಗೆ ಅಡ್ಡಲಾಗಿ ಗೆರೆ ಎಳೆದುಕೊಳ್ಳಿ, ಕಣ್ಣಿಗೆ ಚಿನ್ನ ಕಾಣುವ ಅರ್ಧವನ್ನೇ ಆರಿಸಿ ಚೀಲಕ್ಕೆ ಹಾಕುವ ಆಸೆಗೆ ಅವಕಾಶವಿರುವುದಿಲ್ಲ.